ಮಾಗಳದ ಹರಿಗೋಲು, ನಮ್ಮ ಮಕ್ಕಳ ಬೇಸಿಗೆ ರಜೆ

ಎಪ್ರಿಲ್‌ನಲ್ಲಿ ಶಾಲೆಗೆ ರಜೆ ಸಿಕ್ಕಿತೆಂದರೆ ನಮ್ಮ ಮನೆಗಳಲ್ಲಿ ಮೊದಲ ಮೂರು ದಿನ ಹಬ್ಬ, ನಾಲ್ಕನೇ ದಿನದಿಂದ ರಗಳೆ. ಬೆಳಗ್ಗೆ ಎದ್ದರೆ ಮೊಬೈಲ್, ರಾತ್ರಿ ಮಲಗುವಾಗಲೂ ಮೊಬೈಲ್. ಹೊರಗೆ ಹೋಗಿ ಆಡಿ ಎಂದರೆ ‘ಸೆಖೆ ಉಪ್ಪ’ ಅನ್ನುತ್ತಾರೆ. ಬೀಚ್‌ಗೆ ಹೋಗೋಣ ಎಂದರೆ ಮಾತ್ರ ಚಪ್ಪಲಿ ಹಾಕಿಕೊಂಡು ತಯಾರು. ಆದರೆ ಬೀಚ್‌ಗೆ ಕರೆದುಕೊಂಡು ಹೋದ ಮೇಲೆ ನಮ್ಮ ಕೆಲಸವೇನು? ಮರಳಲ್ಲಿ ನಿಂತು ‘ಮುಂದೆ ಹೋಗ್ಬೇಡಿ, ಹಿಂದೆ ಬನ್ನಿ’ ಎಂದು ಬೊಬ್ಬೆ ಹೊಡೆಯುವುದು. ಅಷ್ಟೇ.

ಹೀಗಿರುವಾಗ ಕಳೆದ ಬೇಸಿಗೆಯಲ್ಲಿ ಹಡಗಲಿಯಿಂದ ಬಾವನ ಫೋನ್ ಬಂತು. ನನ್ನ ತಂಗಿಯ ಗಂಡ. ಹಲವು ವರ್ಷಗಳಿಂದ ಅಲ್ಲಿ ಬೇಕರಿ ಇಟ್ಟುಕೊಂಡಿದ್ದಾರೆ. ‘ಮಕ್ಕಳನ್ನೂ ಉಮ್ಮನನ್ನೂ ಕರ್ಕೊಂಡು ನಾಲ್ಕು ದಿವಸ ಬನ್ನಿ’ ಎಂದರು. ಹತ್ತು ದಾಟಿದ ಮಗ ಕೇಳಿದ, ‘ಅಲ್ಲಿ ಏನುಂಟು? ಬೀಚ್ ಉಂಟಾ?’ ಎಂಟು ವರ್ಷದ ಮಗಳು ಕೇಳಿದಳು, ‘ಹಡಗಲಿ ಅಂದ್ರೆ ಹಡಗು ಉಂಟಾ?’

ಮಗಳ ಪ್ರಶ್ನೆಗೆ ಆಗ ನಕ್ಕಿದ್ದೆ. ಅದು ಅಷ್ಟು ದಡ್ಡ ಪ್ರಶ್ನೆಯಲ್ಲ ಎಂದು ಆಮೇಲೆ ಗೊತ್ತಾಯಿತು.

ಹೂವು ಹೊತ್ತ ಹೊಳೆ

ಘಾಟಿ ಹತ್ತಿ, ಶಿವಮೊಗ್ಗ, ಹರಿಹರ, ಹರಪನಹಳ್ಳಿ ದಾಟಿ ಹೂವಿನಹಡಗಲಿ ಮುಟ್ಟುವಾಗ ಬಸ್ಸಿನ ಕಿಟಕಿಯ ಕಬ್ಬಿಣ ಮುಟ್ಟಲಾಗದಷ್ಟು ಕಾದಿತ್ತು. 2021ರಲ್ಲಿ ಬಳ್ಳಾರಿಯಿಂದ ಬೇರೆಯಾದ ವಿಜಯನಗರ ಜಿಲ್ಲೆಗೆ ಸೇರಿದ ಊರು ಇದು. ಇಲ್ಲಿನ ಮಲ್ಲಿಗೆಗೆ ನಮ್ಮ ಉಡುಪಿ ಮಲ್ಲಿಗೆಯ ಹಾಗೆಯೇ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಉಂಟು. ವಿಜಯನಗರ ಅರಸರ ಕಾಲದಲ್ಲಿ ಇಲ್ಲಿಂದ ಹಂಪಿಗೆ ತುಂಗಭದ್ರಾ ಹೊಳೆಯಲ್ಲೇ ಹೂವು ಹೋಗುತ್ತಿತ್ತು, ಹೂವು ಸಾಗಿಸುವ ಹಡಗಿನಿಂದಲೇ ಊರಿಗೆ ಈ ಹೆಸರು ಬಂತು ಎಂದು ಊರಿನವರು ಹೇಳುತ್ತಾರೆ. ಶಾಸನಗಳಲ್ಲಿ ಊರಿನ ಹಳೆಯ ಹೆಸರು ‘ಪೂವಿನ ಪಡಂಗಿಲೆ’ ಎಂದಿದೆ. ಹೆಸರಿನ ಕತೆ ಏನೇ ಇರಲಿ, ಸಮುದ್ರದಿಂದ ಇಷ್ಟು ದೂರದ ಬಯಲುಸೀಮೆಯ ಊರೊಂದು ತನ್ನ ಹೆಸರಲ್ಲಿ ಹಡಗನ್ನು ಇಟ್ಟುಕೊಂಡಿದೆ ಎಂಬುದು ನನಗೆ ಖುಷಿ ಕೊಟ್ಟಿತು.

ಮರುದಿನ ಬೆಳಗ್ಗೆ ಬಿಸಿಲು ಏರುವ ಮೊದಲೇ ಬಾವ ನಮ್ಮನ್ನು ಮಾಗಳಕ್ಕೆ ಕರೆದುಕೊಂಡು ಹೋದರು. ಹಡಗಲಿ ತಾಲೂಕಿನ, ತುಂಗಭದ್ರೆಯ ದಡದ ಹಳ್ಳಿ. ಚಾಲುಕ್ಯರ ಕಾಲದ ಕಲ್ಲಿನ ದೇವಾಲಯ ಇರುವ ಹಳೆಯ ಊರು. ನಾವು ನೇರ ಹೊಳೆಗೆ ಇಳಿದೆವು. ಮಳೆಗಾಲದಲ್ಲಿ ದಡದಿಂದ ದಡಕ್ಕೆ ಕೆಂಪಗೆ ತುಂಬಿ ಹರಿಯುವ ಹೊಳೆ ಎಪ್ರಿಲ್‌ನಲ್ಲಿ ಒಂದು ಬದಿಗೆ ಸರಿದು ಮಲಗಿತ್ತು. ಇನ್ನೊಂದು ಬದಿಗೆ ಮರಳು, ಬಂಡೆ. ದಡದಲ್ಲಿ ಎರಡು ಹರಿಗೋಲುಗಳನ್ನು ಮಗುಚಿ ಹಾಕಿದ್ದರು. ದೂರದಿಂದ ನೋಡಿದ ಮಗ, ‘ಇದು ದೊಡ್ಡ ಬುಟ್ಟಿ ಅಲ್ವಾ?’ ಎಂದ.

ಹರಿಗೋಲಿನ ಪಕ್ಕ ಕೂತಿದ್ದ ಅಂಬಿಗ ಅಜ್ಜ ನಕ್ಕು, ‘ಬುಟ್ಟಿನ ತಮ್ಮಾ. ಆದ್ರ ಈ ಬುಟ್ಟಿ ನಮ್ಮನ್ನ ಹೊರತೈತಿ’ ಎಂದರು.

‘ಸಮುದ್ರದ ಮಂದಿ ಅಂತೀರಿ…’

ಬಾವನಿಗೆ ಅಜ್ಜನ ಪರಿಚಯ ಇತ್ತು. ಅಜ್ಜ ಒಬ್ಬೊಬ್ಬರನ್ನೇ ನೋಡಿದರು. ಮಕ್ಕಳನ್ನು ನೋಡಿ ಕೇಳಿದರು, ‘ಇವರಿಗೆ ಈಜು ಬರತೈತೇನ್ರಿ ಸಾಹೇಬ್ರ?’

‘ಇಲ್ಲ ಅಜ್ಜಾರೇ’ ಎಂದೆ.

‘ನಿಮಗ?’

‘ಸ್ವಲ್ಪ ಸ್ವಲ್ಪ.’

ಅಜ್ಜ ಹುಟ್ಟು ಕೆಳಗಿಟ್ಟರು. ‘ಊರು ಯಾವುದ್ರಿ?’

‘ಮಂಗಳೂರು. ಸಮುದ್ರದ ಹತ್ರವೇ.’

‘ಸಮುದ್ರದ ಮಂದಿ ಅಂತೀರಿ, ಹುಡುಗರಿಗೆ ಈಜು ಕಲಿಸಿಲ್ಲ. ಈ ಊರಾಗ ಆರು ವರ್ಷದ ಹುಡುಗ ಹೊಳ್ಯಾಗ ಮೀನಿನಂಗ ಆಡತಾನ.’

ಬೈಗುಳ ಅಲ್ಲ, ಅಜ್ಜನಿಗೆ ನಿಜಕ್ಕೂ ಆಶ್ಚರ್ಯ. ಆದರೆ ನನಗೆ ಮುಖ ಎತ್ತಲಾಗಲಿಲ್ಲ. ಯಾಕೆಂದರೆ ನನ್ನ ಪಕ್ಕದಲ್ಲಿ ನಿಂತಿದ್ದ ಉಮ್ಮನ ಉಪ್ಪ, ಅಂದರೆ ನನ್ನ ಅಜ್ಜ, ಬಂದರಿನ ಮಂಜಿಯಲ್ಲಿ ಹಾಯಿ ಕಟ್ಟಿ ಲಕ್ಷದ್ವೀಪಕ್ಕೆ ಹೋಗಿ ಬರುತ್ತಿದ್ದವರು. ಅವರ ಮರಿಮಗ ಇಲ್ಲಿ ಸೊಂಟದ ಮಟ್ಟದ ನೀರಿಗೆ ಹೆದರಿ ನನ್ನ ಅಂಗಿ ಹಿಡಿದು ನಿಂತಿದ್ದ.

ಅಜ್ಜ ಮನೆಗೆ ಹೋಗಿ ಗಾಳಿ ತುಂಬಿದ ಎರಡು ಟ್ಯೂಬ್ ತಂದರು. ಮಕ್ಕಳಿಬ್ಬರ ಸೊಂಟಕ್ಕೂ ಹಾಕಿ, ಹಗ್ಗದಿಂದ ಬಿಗಿದ ಮೇಲೆಯೇ ಹರಿಗೋಲು ಹತ್ತಿಸಿದ್ದು. ನಾವು ಏಳು ಮಂದಿ ಇದ್ದೆವು. ‘ನಾಕು ಮಂದಿ ಈಗ, ಮೂರು ಮಂದಿ ಆಮ್ಯಾಲ’ ಎಂದರು. ಹರಿಗೋಲಿನಲ್ಲಿ ಜಾಗ ಇತ್ತು. ಆದರೂ ಹತ್ತಿಸಲಿಲ್ಲ. ಬಾವ ‘ನಡಿತದ ಬಿಡ್ರಿ ಅಜ್ಜಾರ’ ಎಂದದ್ದಕ್ಕೆ ಅಜ್ಜ ಉತ್ತರವನ್ನೇ ಕೊಡಲಿಲ್ಲ.

ಮುಂದಿಲ್ಲ, ಹಿಂದಿಲ್ಲ

ಹರಿಗೋಲಿಗೆ ಮುಂದೂ ಇಲ್ಲ, ಹಿಂದೂ ಇಲ್ಲ. ಬಿದಿರನ್ನು ಸೀಳಿ ಬುಟ್ಟಿಯಂತೆ ಹೆಣೆದು, ಅಂಚಿಗೆ ದಪ್ಪ ಬಿದಿರಿನ ಕಟ್ಟು ಹಾಕುತ್ತಾರೆ. ಹಿಂದೆ ಹೊರಗಿನಿಂದ ಎಮ್ಮೆಯ ಚರ್ಮ ಹೊದಿಸುತ್ತಿದ್ದರು. ಈಗ ತಾಡಪಾಲು ಅಥವಾ ಪ್ಲಾಸ್ಟಿಕ್ ಹಾಳೆ ಹೊದಿಸಿ ಡಾಂಬರು ಬಳಿಯುತ್ತಾರೆ. ತಳ ಚಪ್ಪಟೆ. ಹಾಗಾಗಿ ಗೇಣುದ್ದ ನೀರಿದ್ದರೂ ಸಾಕು, ತೇಲುತ್ತದೆ. ನಮ್ಮ ದೋಣಿಗಳ ಹಾಗೆ ತಳದಲ್ಲಿ ಉದ್ದನೆಯ ದಿಂಡು ಇದ್ದಿದ್ದರೆ ಈ ಬಂಡೆಗಳ ನಡುವೆ ಮೊದಲ ದಿನವೇ ಒಡೆಯುತ್ತಿತ್ತು. ಬೇಸಿಗೆಯಲ್ಲಿ ಬತ್ತಿ, ಮಳೆಗಾಲದಲ್ಲಿ ಉಕ್ಕುವ ಬಯಲುಸೀಮೆಯ ಹೊಳೆಗೆ ಇದಕ್ಕಿಂತ ಸರಿಯಾದ ದೋಣಿ ಇನ್ನೊಂದಿಲ್ಲ. ಕೆಲಸ ಮುಗಿದರೆ ತಲೆ ಮೇಲೆ ಹೊತ್ತುಕೊಂಡು ಮನೆಗೆ ಹೋಗಬಹುದು.

ಕಷ್ಟ ಇರುವುದು ನಡೆಸುವುದರಲ್ಲಿ. ಒಂದು ಬದಿಗೆ ಹುಟ್ಟು ಹಾಕಿದರೆ ಗಿರಗಿರ ತಿರುಗುತ್ತದೆ, ಮುಂದೆ ಹೋಗುವುದೇ ಇಲ್ಲ. ಮಗನ ಕೈಗೆ ಅಜ್ಜ ಹುಟ್ಟು ಕೊಟ್ಟರು. ಅವನು ಶಕ್ತಿಯೆಲ್ಲ ಹಾಕಿ ಎಳೆದ. ಹರಿಗೋಲು ನಾಲ್ಕು ಸುತ್ತು ಹಾಕಿತು, ಎಲ್ಲರಿಗೂ ತಲೆ ತಿರುಗಿತು. ಅಜ್ಜ ಅವನ ಕೈ ಹಿಡಿದು ತೋರಿಸಿದರು. ಹೋಗಬೇಕಾದ ದಿಕ್ಕಿಗೆ ಮುಖ ಮಾಡಿ ನಿಲ್ಲಬೇಕು, ಮುಂದಿನ ನೀರನ್ನು ಒಮ್ಮೆ ಬಲದಿಂದ, ಒಮ್ಮೆ ಎಡದಿಂದ ನಮ್ಮ ಕಡೆಗೆ ಎಳೆದುಕೊಳ್ಳಬೇಕು. ‘ನೀರಿಗೆ ಹೊಡೀಬ್ಯಾಡ ತಮ್ಮಾ, ನೀರನ್ನ ಕರಿ’ ಎಂದರು. ಹತ್ತು ನಿಮಿಷದಲ್ಲಿ ಹರಿಗೋಲು ಓಲಾಡುತ್ತಾ ಆದರೂ ಮುಂದೆ ಹೋಯಿತು. ಎರಡು ವಾರದಿಂದ ಮೊಬೈಲ್ ಬಿಟ್ಟು ಬೇರೇನನ್ನೂ ನೋಡದ ಹುಡುಗ ಅರ್ಧ ಗಂಟೆ ನೀರನ್ನೇ ನೋಡುತ್ತಿದ್ದ.

ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಇದೇ ಹೊಳೆಯಲ್ಲಿ ಬುಟ್ಟಿಯಂತಹ, ಚರ್ಮ ಹೊದಿಸಿದ ದುಂಡು ದೋಣಿಗಳನ್ನು ಕಂಡು ಬರೆದಿಟ್ಟಿದ್ದಾನೆ. ಹದಿನೈದು ಇಪ್ಪತ್ತು ಮಂದಿಯನ್ನು ಹೊರುತ್ತಿದ್ದವು, ಬೇಕಾದರೆ ಕುದುರೆ, ಎತ್ತುಗಳನ್ನೂ ದಾಟಿಸುತ್ತಿದ್ದವು, ನೇರ ಹೋಗದೆ ಸುತ್ತುತ್ತಲೇ ಇರುತ್ತಿದ್ದವು ಎನ್ನುತ್ತಾನೆ. ಐನೂರು ವರ್ಷದ ಹಿಂದೆ ಪಾಯೆಸ್‌ಗೂ ನಮ್ಮ ಹುಡುಗನಿಗೂ ಒಂದೇ ಅನುಭವ!

ಅದಕ್ಕೂ ಮೊದಲು, 12ನೇ ಶತಮಾನದಲ್ಲಿ, ಹುಟ್ಟು ಹಾಕುತ್ತಲೇ ವಚನ ಹೇಳಿದ ಅಂಬಿಗರ ಚೌಡಯ್ಯ ಇದೇ ತುಂಗಭದ್ರೆಯ ದಡದವರು. ಅವರ ಹೆಸರಿನ ಚೌಡಯ್ಯದಾನಪುರ ಹಾವೇರಿ ಜಿಲ್ಲೆಯಲ್ಲಿ, ಈ ಹೊಳೆಯ ದಂಡೆಯಲ್ಲೇ ಉಂಟು.

ಮಂಗಳೂರಿನಿಂದ ವಿಜಯನಗರಕ್ಕೆ

ನಮ್ಮ ಕರಾವಳಿಗೂ ಈ ಹೊಳೆಯ ಸೀಮೆಗೂ ಸಂಬಂಧ ಹೊಸತಲ್ಲ. 1443ರಲ್ಲಿ ಹೆರಾತ್‌ನ ಸುಲ್ತಾನ ಶಾರುಖ್‌ನ ರಾಯಭಾರಿ ಅಬ್ದುರ್ರಝಾಕ್ ಕಲ್ಲಿಕೋಟೆಯಿಂದ ಸಮುದ್ರ ಮಾರ್ಗವಾಗಿ ಮಂಗಳೂರಿಗೆ ಬಂದು, ಇಲ್ಲಿಂದ ಘಟ್ಟ ಹತ್ತಿ ಎರಡನೇ ದೇವರಾಯನ ವಿಜಯನಗರಕ್ಕೆ ಹೋದ. ಅವನಿಗೂ ನೂರು ವರ್ಷ ಮೊದಲು ಬಂದ ಇಬ್ನ್ ಬತೂತ ಮಂಗಳೂರನ್ನು ‘ಮಂಜರೂರ್’ ಎಂದು ಕರೆದು, ಇಲ್ಲಿ ಸುಮಾರು ನಾಲ್ಕು ಸಾವಿರ ಮುಸ್ಲಿಮರಿದ್ದಾರೆಂದು ಬರೆದಿದ್ದಾನೆ. ಬ್ಯಾರಿ ಎಂಬ ಹೆಸರೇ ‘ಬ್ಯಾರ’ ಅಂದರೆ ವ್ಯಾಪಾರದಿಂದ ಬಂದದ್ದು ಎನ್ನುವವರಿದ್ದಾರೆ. ಆ ವ್ಯಾಪಾರ ನಡೆದದ್ದು ನೀರಿನ ಮೇಲೆ. ಹಂಚು, ಅಕ್ಕಿ, ತರಕಾರಿ ತುಂಬಿಕೊಂಡು ಹಳೆ ಬಂದರಿನಿಂದ ಹೊರಡುವ ಮಂಜಿಗಳು ಲಕ್ಷದ್ವೀಪದಿಂದ ತೆಂಗಿನಕಾಯಿ, ಕೊಬ್ಬರಿ ಹೊತ್ತು ಬರುತ್ತಿದ್ದವು. ಈಗಲೂ ಮಂಜಿಗಳು ಉಂಟು, ಆದರೆ ಹಾಯಿ ಹೋಗಿ ಎಂಜಿನ್ ಬಂದಿದೆ. ಮಳೆಗಾಲಕ್ಕೆ ಮೊದಲು ಮೇ ಮಧ್ಯದಲ್ಲಿ ಅವುಗಳ ಓಡಾಟ ನಿಂತರೆ ಮತ್ತೆ ಶುರುವಾಗುವುದು ಸೆಪ್ಟೆಂಬರ್‌ನಲ್ಲಿ.

ನನ್ನ ಅಜ್ಜ ಮಂಜಿಯಲ್ಲಿ ಹೋದರು. ನನ್ನ ಉಪ್ಪ ವಿಮಾನದಲ್ಲಿ ಗಲ್ಫಿಗೆ ಹೋದರು. ನಾನು ಅಂಗಡಿಯ ಗಲ್ಲೆಯಲ್ಲಿ ಕೂತೆ. ನನ್ನ ಮಗ ಮೊಬೈಲಿನಲ್ಲಿ ಹಡಗಿನ ಆಟ ಆಡುತ್ತಾನೆ. ಮೂರು ತಲೆಮಾರಿನಲ್ಲಿ ನೀರು ನಮ್ಮ ಮನೆಯಿಂದ ಹೊರಟು ಹೋಯಿತು. ಹೋದದ್ದು ನಮಗೆ ಗೊತ್ತೂ ಆಗಲಿಲ್ಲ. ಬೆಂಗ್ರೆ, ಕೋಟೆಪುರ, ಉಳ್ಳಾಲದ ಕೆಲವು ಮನೆಗಳಲ್ಲಿ ಇನ್ನೂ ನೀರು ಗೊತ್ತಿರುವ ಮಕ್ಕಳಿದ್ದಾರೆ. ಪೇಟೆಯ ಫ್ಲ್ಯಾಟುಗಳಲ್ಲಿ?

ಉಮ್ಮನ ಗುಟ್ಟು

ಮಾಗಳದಲ್ಲಿ ಎರಡನೇ ದಿನ ಅಜ್ಜ ಮಕ್ಕಳನ್ನು ನೀರಿಗೆ ಇಳಿಸಿದರು. ಜಾಗ ಆರಿಸಿದ್ದು ಅವರೇ. ನಮಗೆ ಎಲ್ಲ ಕಡೆಯೂ ಒಂದೇ ಹಾಗೆ ಕಾಣುವ ನೀರು ಅವರಿಗೆ ಬೇರೆ ಬೇರೆ. ಇಲ್ಲಿ ಮರಳು ತೆಗೆದ ಗುಂಡಿ ಉಂಟು, ಮೇಲಿನಿಂದ ಕಾಣುವುದಿಲ್ಲ. ಅಲ್ಲಿ ಬಂಡೆಯ ಸಂದಿಗೆ ಕಾಲು ಸಿಕ್ಕಿಕೊಳ್ಳುತ್ತದೆ. ಆಚೆ ಮಡುವಿನ ಕಡೆಗೆ ಹೋಗಲೇಬಾರದು, ಮೊಸಳೆ ಇರಬಹುದು. ಬೇಸಿಗೆಯಲ್ಲೂ ಕುಡಿಯುವ ನೀರಿಗೆಂದು ಭದ್ರಾ ಅಣೆಕಟ್ಟಿನಿಂದ ಹೊಳೆಗೆ ನೀರು ಬಿಡುವುದುಂಟು. ನಿನ್ನೆ ಮೊಣಕಾಲಿನಷ್ಟಿದ್ದ ಕಡೆ ಇವತ್ತು ಎದೆಯ ಮಟ್ಟ ಇರಬಹುದು. ‘ಹೊಳಿಗೆ ನಿನ್ನಿದು ನೆನಪಿರಂಗಿಲ್ರಿ. ದಿನಾ ಹೊಸದಾಗಿ ಕೇಳಬೇಕು’ ಎಂದರು ಅಜ್ಜ.

ಮಗ ಟ್ಯೂಬ್ ಬಿಡಲು ಒಪ್ಪಲಿಲ್ಲ. ಮಗಳು ಮಾತ್ರ ಎರಡು ಸಲ ನೀರು ಕುಡಿದು, ಕೆಮ್ಮಿ, ಮತ್ತೆ ಇಳಿದಳು. ಕೈ ಬಡಿದು ಬಡಿದು ಸುಸ್ತಾಗುತ್ತಿದ್ದಳು. ಆಗ ದಡದ ಕಲ್ಲಿನ ಮೇಲೆ ಕೂತು, ಕಾಲನ್ನು ನೀರಿಗೆ ಬಿಟ್ಟಿದ್ದ ಉಮ್ಮ ಕೂಗಿದರು, ‘ಕೈ ಬಡೀಬೇಡ ಮಗಾ, ಕಾಲು ಹೊಡೆ! ಹೊಟ್ಟೆ ಮೇಲೆ ಮಾಡು, ತಲೆ ಸಡಿಲ ಬಿಡು!’

ನಾನು ತಿರುಗಿ ನೋಡಿದೆ. ‘ಉಮ್ಮಾ, ನಿಮಗೆ ಹೇಗೆ ಗೊತ್ತು?’

‘ನಂಗೆ ಈಜು ಬರ್ತದಲ್ಲ ಮಾರಾಯ’ ಎಂದರು, ಅಕ್ಕಿ ಗೇರಲು ಬರುತ್ತದೆ ಎಂದ ಹಾಗೆ.

ಬೆಂಗ್ರೆಯಲ್ಲಿ ಹುಟ್ಟಿ ಬೆಳೆದ ಉಮ್ಮ ಸಣ್ಣವರಿದ್ದಾಗ ಹೊಳೆಯಲ್ಲಿ ಆಡಿದವರು. ದೋಣಿಯಲ್ಲಿ ಬಂದರಿಗೆ ಹೋಗಿ ಬರುತ್ತಿದ್ದ ಕಾಲ. ‘ದೋಣಿ ಮಗುಚಿದ್ರೆ ಏನ್ಮಾಡೂದು ಅಂತ ಉಪ್ಪ ಎಲ್ಲರಿಗೂ ಕಲಿಸಿದ್ರು. ಹೆಣ್ಣು ಗಂಡು ಅಂತ ನೋಡ್ಲಿಲ್ಲ. ಹತ್ತು ವರ್ಷ ಆದ ಮೇಲೆ ನಾವೇ ನೀರಿಗೆ ಇಳೀಲಿಲ್ಲ. ಮದುವೆ ಆಗಿ ಪೇಟೆಗೆ ಬಂದೆ. ಮತ್ತೆ ಯಾರು ಕೇಳಿದ್ರು?’

ನಲವತ್ತು ದಾಟಿದ ಮಗನಿಗೆ ತನ್ನ ಉಮ್ಮನಿಗೆ ಈಜು ಬರುತ್ತದೆಂದು ಗೊತ್ತಾದದ್ದು ಅವತ್ತು, ಕಡಲಿನಿಂದ ಇಷ್ಟು ದೂರದ ಮಾಗಳದ ದಡದಲ್ಲಿ. ಕಲಿತದ್ದು ಅವರಲ್ಲಿ ಅರವತ್ತು ವರ್ಷ ಹಾಗೆಯೇ ಇತ್ತು. ನಾವು ಕೇಳಲಿಲ್ಲ, ಅವರು ಹೇಳಲಿಲ್ಲ. ನಿಮ್ಮ ಮನೆಯ ಉಮ್ಮಂದಿರನ್ನೂ ಒಮ್ಮೆ ಕೇಳಿ ನೋಡಿ.

ಯಾಟ್ ಕ್ಲಬ್ ಅಂದರೆ ಸಿರಿವಂತರದ್ದಾ?

ಊರಿಗೆ ಬಂದ ಮೇಲೆ ಮಗ ಕೇಳಿದ, ‘ಗಾಳಿಯಲ್ಲಿ ಹೋಗುವ ದೋಣಿಯನ್ನು ಎಲ್ಲಿ ಕಲಿಸ್ತಾರೆ?’ ಅವನಿಗಾಗಿ ಹುಡುಕುತ್ತಾ ಹೋದಾಗ ನನಗೂ ಹಲವು ಸಂಗತಿ ಗೊತ್ತಾಯಿತು.

ಯಾಟ್ ಎಂದರೆ ನಮ್ಮ ಕಣ್ಣಿಗೆ ಬರುವುದು ದುಬೈಯ ಮರೀನಾದಲ್ಲಿ ನಿಂತಿರುವ ಬಿಳಿಯ ಅರಮನೆಯಂತಹ ದೋಣಿ. ನಮ್ಮ ದೇಶದಲ್ಲಿ ಯಾಟ್ ಕ್ಲಬ್‌ಗಳು ಶುರುವಾದದ್ದೂ ಬ್ರಿಟಿಷ್ ದೊರೆಗಳ ವಿನೋದಕ್ಕೆ. ಮುಂಬೈಯ ರಾಯಲ್ ಬಾಂಬೆ ಯಾಟ್ ಕ್ಲಬ್ 1846ರದ್ದು. ಆದರೆ ಮಕ್ಕಳು ಹಾಯಿ ಕಲಿಯುವುದು ಅಂತಹ ಅರಮನೆಯಲ್ಲಲ್ಲ. ‘ಆಪ್ಟಿಮಿಸ್ಟ್’ ಎಂಬ ಡಬ್ಬಿಯಂತಹ ಪುಟ್ಟ ದೋಣಿಯಲ್ಲಿ. 1947ರಲ್ಲಿ ಅಮೆರಿಕದ ಫ್ಲೋರಿಡಾದಲ್ಲಿ ಕ್ಲಾರ್ಕ್ ಮಿಲ್ಸ್ ಎಂಬಾತ ಪ್ಲೈವುಡ್‌ನಿಂದ ಮಾಡಿದ ದೋಣಿ ಅದು. ಉದ್ದ ಸುಮಾರು 2.3 ಮೀಟರ್, ತೂಕ 35 ಕಿಲೋ. ಒಂದೇ ಹಾಯಿ, ಒಂದು ಚುಕ್ಕಾಣಿ, ಒಬ್ಬನೇ ಸವಾರ. 15 ವರ್ಷದವರೆಗಿನ ಮಕ್ಕಳಿಗೆಂದೇ ಇರುವುದು.

ಕಲಿಸುವ ಕ್ರಮವೂ ನಮ್ಮ ಅಂಬಿಗ ಅಜ್ಜನದ್ದೇ. ಮೊದಲು ಈಜು. ಆಮೇಲೆ ಲೈಫ್ ಜಾಕೆಟ್ ಸರಿಯಾಗಿ ಹಾಕುವುದು. ಮೂರನೆಯದಾಗಿ ದೋಣಿಯನ್ನು ಬೇಕೆಂದೇ ಮಗುಚಿ ಹಾಕಿ, ನೀರಿನಲ್ಲಿದ್ದುಕೊಂಡೇ ಅದನ್ನು ನೆಟ್ಟಗೆ ಮಾಡಿ ಹತ್ತುವುದು. ಮಗುಚುವುದಕ್ಕೆ ಹೆದರದ ಮೇಲೆಯೇ ಗಾಳಿಯ ಪಾಠ. ಗಾಳಿ ಬರುವ ದಿಕ್ಕಿಗೆ ಯಾವ ಹಾಯಿದೋಣಿಯೂ ನೇರ ಹೋಗಲಾರದು. ಒಮ್ಮೆ ಬಲಕ್ಕೆ ಓರೆಯಾಗಿ, ಒಮ್ಮೆ ಎಡಕ್ಕೆ ಓರೆಯಾಗಿ, ಘಾಟಿ ರಸ್ತೆ ಹತ್ತಿದ ಹಾಗೆ ಹತ್ತಬೇಕು. ನಮ್ಮ ಅಜ್ಜಂದಿರು ಶಾಲೆಗೆ ಹೋಗದೆಯೇ ಕಲಿತ ವಿದ್ಯೆ ಇದು.

ಕಡಲಿಲ್ಲದ ಊರಿನವರೂ ಇದನ್ನು ಕಲಿಯುತ್ತಾರೆ. ಮೈಸೂರು ಕಡೆ ಕೆಆರ್‌ಎಸ್ ಹಿನ್ನೀರಿನಲ್ಲಿ ರಾಯಲ್ ಮೈಸೂರು ಸೇಲಿಂಗ್ ಕ್ಲಬ್ ಉಂಟು. ಬೆಂಗಳೂರಿನ ಹಲಸೂರು ಕೆರೆಯ ಬದಿಯಲ್ಲಿರುವ ಸೇನೆಯ ಮದ್ರಾಸ್ ಎಂಜಿನಿಯರ್ ಗ್ರೂಪ್ ಹುಡುಗರಿಗೆ ಹಾಯಿದೋಣಿ ಕಲಿಸುತ್ತದೆ. ಸೇನೆಯ ಎಂಜಿನಿಯರ್ ದಳದವರೇ ‘ತೃಷ್ಣಾ’ ಎಂಬ ಹಾಯಿದೋಣಿಯಲ್ಲಿ 1985ರ ಸೆಪ್ಟೆಂಬರ್‌ನಲ್ಲಿ ಹೊರಟು 1987ರ ಜನವರಿಯಲ್ಲಿ ಭೂಮಿಯನ್ನು ಸುತ್ತಿ ಬಂದರು. ಭಾರತದ ಯಾಟ್ ಒಂದು ಜಗತ್ತು ಸುತ್ತಿದ್ದು ಅದೇ ಮೊದಲು. ಕೊಡವ ಮನೆತನದ ಕೇಳಪಂಡ ಚೆಂಗಪ್ಪ ಗಣಪತಿ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ವರುಣ್ ಠಕ್ಕರ್ ಜೊತೆ ಹಾಯಿದೋಣಿ ಓಡಿಸಿದರು.

ನನಗೆ ಹೆಚ್ಚು ಹಿಡಿಸಿದ್ದು ಹೈದರಾಬಾದಿನ ಕತೆ. ಅಲ್ಲಿನ ಹುಸೇನ್ ಸಾಗರ ಕುತುಬ್ ಶಾಹಿ ಕಾಲದ ಕೆರೆ. 2009ರಲ್ಲಿ ಸುಹೈಮ್ ಶೇಖ್ ಎಂಬವರು ಅಲ್ಲಿ ಯಾಟ್ ಕ್ಲಬ್ ಆಫ್ ಹೈದರಾಬಾದ್ ಕಟ್ಟಿದರು. ಕೊಳೆಗೇರಿಯ, ಸರಕಾರಿ ಶಾಲೆಯ ಮಕ್ಕಳನ್ನು ಕರೆತಂದು ಹಾಯಿದೋಣಿ ಕಲಿಸಿದರು. ಆ ಮಕ್ಕಳು ರಾಷ್ಟ್ರ ಮಟ್ಟದಲ್ಲಿ ಪದಕ ಗೆದ್ದರು. 2023ರಲ್ಲಿ ಚೀನಾದ ಹಾಂಗ್‌ಝೌನಲ್ಲಿ ನಡೆದ ಏಷ್ಯನ್ ಗೇಮ್ಸ್‌ನಲ್ಲಿ ಹಾಯಿದೋಣಿಯಲ್ಲಿ ಬೆಳ್ಳಿ ಗೆದ್ದವಳು ಮಧ್ಯಪ್ರದೇಶದ ರೈತನ ಮಗಳು ನೇಹಾ ಠಾಕೂರ್. ಕಲಿತದ್ದು ಭೋಪಾಲದ ಕೆರೆಯಲ್ಲಿ. ಅದೇ ಕೂಟದಲ್ಲಿ ಇಬಾದ್ ಅಲಿಗೆ ಹಾಯಿಹಲಗೆಯಲ್ಲಿ ಕಂಚು ಬಂತು. ಸಮುದ್ರವೇ ಇಲ್ಲದ ರಾಜ್ಯ ಮಧ್ಯಪ್ರದೇಶ!

ಹೆಣ್ಣುಮಕ್ಕಳ ಮಾತಂತೂ ಹೇಳುವುದೇ ಬೇಡ. ನೌಕಾಪಡೆಯ ‘ತಾರಿಣಿ’ಯಲ್ಲಿ 2017-18ರಲ್ಲಿ ಆರು ಮಂದಿ ಹೆಂಗಸರು ಜಗತ್ತು ಸುತ್ತಿ ಬಂದರು. ಅದೇ ದೋಣಿಯಲ್ಲಿ 2024ರ ಅಕ್ಟೋಬರ್‌ನಲ್ಲಿ ಹೊರಟು 2025ರ ಮೇ ತಿಂಗಳಲ್ಲಿ ಮರಳಿದ ಇಬ್ಬರಲ್ಲಿ ಒಬ್ಬರು ನಮ್ಮ ಪಕ್ಕದ ಕಲ್ಲಿಕೋಟೆಯ ದಿಲ್ನಾ. ಮಗಳಿಗೆ ಈ ಕತೆ ಹೇಳಿದೆ. ‘ಇಬ್ಬರೇನಾ? ರಾತ್ರಿ ಯಾರು ಮಲಗುದು?’ ಎಂದು ಕೇಳಿದಳು. ಒಬ್ಬರು ಮಲಗಿದರೆ ಇನ್ನೊಬ್ಬರು ಕಾಯಬೇಕು ಎಂದೆ.

ತಾನೂರು ಮರೆಯಬಾರದು

ಇಷ್ಟೆಲ್ಲ ಬರೆಯುವಾಗ ಇನ್ನೊಂದು ದಿನವನ್ನೂ ನೆನಪಿಸಬೇಕು. 2023ರ ಮೇ 7, ಆದಿತ್ಯವಾರ ಸಂಜೆ. ಮಲಪ್ಪುರಂ ಜಿಲ್ಲೆಯ ತಾನೂರಿನಲ್ಲಿ ವಿಹಾರ ದೋಣಿ ಮಗುಚಿ 22 ಮಂದಿ ತೀರಿಹೋದರು. ಹೆಚ್ಚಿನವರು ಮಕ್ಕಳು, ಹೆಂಗಸರು. ಒಂದೇ ಕುಟುಂಬದ 11 ಮಂದಿ ಅದರಲ್ಲಿದ್ದರು. ಶಾಲಾ ರಜೆ, ನೆಂಟರೆಲ್ಲ ಸೇರಿದ್ದ ಹೊತ್ತು. ದೋಣಿಯಲ್ಲಿ ಮಿತಿಗಿಂತ ಹೆಚ್ಚು ಜನ ಇದ್ದರು. ನಮ್ಮಲ್ಲಿ ಎಷ್ಟೋ ಮನೆಗಳಿಗೆ ಆ ಕಡೆಯ ನೆಂಟಸ್ತನ ಉಂಟು, ಆ ವಾರ ನಮ್ಮ ಮನೆಗಳಲ್ಲೂ ಅದೇ ಮಾತು. ಅದಕ್ಕೂ ಮೊದಲು, 2019ರ ಜನವರಿಯಲ್ಲಿ, ಕಾರವಾರದ ಕೂರ್ಮಗಡ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಮಂದಿ ಸತ್ತಿದ್ದರು.

ಮಾಗಳದ ಅಜ್ಜ ‘ನಾಕು ಮಂದಿ ಈಗ, ಮೂರು ಮಂದಿ ಆಮ್ಯಾಲ’ ಎಂದದ್ದು ಯಾಕೆಂದು ಮತ್ತೆ ವಿವರಿಸಬೇಕಾಗಿಲ್ಲ. ಅವರ ಹರಿಗೋಲಿಗೆ ಲೈಸೆನ್ಸಿನ ಬೋರ್ಡ್ ಇರಲಿಲ್ಲ. ಬೇಡ ಎನ್ನುವ ಧೈರ್ಯ ಇತ್ತು. ಆ ಧೈರ್ಯ ದೋಣಿಯವನಿಗೆ ಇಲ್ಲದಿದ್ದರೆ ನಮಗಾದರೂ ಇರಬೇಕು.

ಈ ರಜೆಯಲ್ಲಿ ನೀರಿನ ಕಡೆ ಹೋಗುವವರು ಇಷ್ಟನ್ನು ನೆನಪಿಡಿ:

• ದೋಣಿ ಹತ್ತುವ ಮೊದಲು ಲೈಫ್ ಜಾಕೆಟ್ ಕೇಳಿ. ಇಲ್ಲ ಎಂದರೆ ಹತ್ತಬೇಡಿ. ಫೋಟೊ ತೆಗೆಯಲು ಬಿಚ್ಚಬೇಡಿ. ಮಕ್ಕಳಿಗೆ ಅವರ ಅಳತೆಯದ್ದೇ ಬೇಕು. ದೊಡ್ಡವರದ್ದು ಹಾಕಿದರೆ ನೀರಿಗೆ ಬಿದ್ದಾಗ ಕುತ್ತಿಗೆಯಿಂದ ಜಾರಿ ಹೋಗುತ್ತದೆ.

• ಜನ ಹೆಚ್ಚಾದರೆ ಇಳಿದುಬಿಡಿ. ‘ಎಲ್ಲರೂ ಒಟ್ಟಿಗೆ ಹೋಗುವ’ ಎಂಬ ಆಸೆ ಬೇಡ.

• ಎಲ್ಲರೂ ಒಂದೇ ಬದಿಗೆ ಬಂದು ನಿಲ್ಲಬೇಡಿ. ದೋಣಿ ವಾಲುವುದು ಹಾಗೆಯೇ.

• ಮುಳುಗುವವರು ಸಿನಿಮಾದ ಹಾಗೆ ಕೂಗುವುದಿಲ್ಲ. ಬಾಯಿ ನೀರಿನಲ್ಲಿರುತ್ತದೆ, ಕೂಗಲು ಉಸಿರು ಇರುವುದಿಲ್ಲ. ಮಗು ನೀರಿನಲ್ಲಿ ಸುಮ್ಮನಾಯಿತು ಎಂದರೆ ಕೂಡಲೇ ನೋಡಿ.

• ಒಬ್ಬ ಮುಳುಗುವಾಗ ಈಜು ಬಾರದ ಇನ್ನೊಬ್ಬ ಹಾರಬಾರದು. ಹಗ್ಗ, ಶಾಲು, ಕೋಲು, ಖಾಲಿ ಕ್ಯಾನ್, ಟ್ಯೂಬ್, ಏನು ಸಿಕ್ಕಿದರೂ ಎಸೆಯಿರಿ. ಒಂದು ಮನೆಯ ಇಬ್ಬರು, ಮೂವರು ಒಟ್ಟಿಗೆ ಹೋಗುವುದು ಹೀಗೆ ಹಾರಿಯೇ.

• ನೇತ್ರಾವತಿ, ಫಲ್ಗುಣಿಯಲ್ಲೂ ಮರಳು ತೆಗೆದ ಗುಂಡಿಗಳಿವೆ. ಊರಿನವರನ್ನು ಕೇಳದೆ ಯಾವ ಹೊಳೆಗೂ ಇಳಿಯಬೇಡಿ.

• ಕಡಲಲ್ಲಿ ಕೆಂಪು ಬಾವುಟ ಕಂಡರೆ, ಜೀವರಕ್ಷಕರು ಬೇಡ ಎಂದರೆ, ಅವರೊಡನೆ ವಾದ ಮಾಡಬೇಡಿ.

ನಮ್ಮಲ್ಲೇ ಏನು ಮಾಡಬಹುದು?

ಯಾಟ್ ಕ್ಲಬ್ ಇರಲಿ, ಮೊದಲು ಈಜು. ಮಂಗಳೂರಿನಲ್ಲಿ ಲೇಡಿಹಿಲ್ ಬಳಿ ಪಾಲಿಕೆಯ ಈಜುಕೊಳ ಉಂಟು, ಎಮ್ಮೆಕೆರೆಯಲ್ಲಿ ಹೊಸ ಈಜುಕೊಳ ಆಗಿದೆ. ಬೇಸಿಗೆಯಲ್ಲಿ ಇಂತಹ ಕಡೆ ಶಿಬಿರಗಳು ನಡೆಯುತ್ತವೆ. ಸೀಟು ಬೇಗ ತುಂಬುವುದರಿಂದ ಪರೀಕ್ಷೆ ಮುಗಿಯುವ ಮೊದಲೇ ವಿಚಾರಿಸಿ. ಸಾಹಸ ಕ್ರೀಡೆಗಳಿಗೆಂದೇ ರಾಜ್ಯ ಸರಕಾರದ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ ಉಂಟು, ಜಲ ಕ್ರೀಡೆಗಳ ತರಬೇತಿಯನ್ನೂ ಕೊಡುತ್ತದೆ. ಮುಲ್ಕಿಯಲ್ಲಿ ಸರ್ಫಿಂಗ್ ಕಲಿಸುವವರಿದ್ದಾರೆ. 2016ರಲ್ಲಿ ಸಸಿಹಿತ್ಲುವಿನಲ್ಲಿ ಇಂಡಿಯನ್ ಓಪನ್ ಸರ್ಫಿಂಗ್ ನಡೆದಾಗ ದೇಶದ ಹಲವು ಕಡೆಯ ಮೀನುಗಾರರ ಮಕ್ಕಳು ಬಂದು ಅಲೆ ಏರಿದರು. ನಾವು ದಡದಲ್ಲಿ ನಿಂತು ನೋಡಿದೆವು.

ಹೆಣ್ಣುಮಕ್ಕಳಿಗೆ ಬೇರೆ ಸಮಯ, ಹೆಂಗಸರೇ ಕಲಿಸುವ ವ್ಯವಸ್ಥೆ ಬೇಕೆಂದು ಹೇಳುವವರು ಬಹಳ ಮಂದಿ. ಸರಿ, ಹಾಗೆಯೇ ಆಗಲಿ. ಆದರೆ ಆ ಮಾತು ಕಲಿಸದೇ ಇರಲು ನೆಪ ಆಗಬಾರದು. ಇಪ್ಪತ್ತು ಮಂದಿ ಉಮ್ಮಂದಿರು ಒಟ್ಟಾಗಿ ಹೋಗಿ ಕೇಳಿದರೆ ಒಂದು ಗಂಟೆಯ ಸಮಯ ಕೊಡಿ ಎಂಬುದು ದೊಡ್ಡ ಬೇಡಿಕೆಯೇನಲ್ಲ. ನಮ್ಮ ಜಮಾಅತ್‌ಗಳು, ಯುವಕರ ಸಂಘಗಳು ರಕ್ತದಾನ ಶಿಬಿರ, ವೈದ್ಯಕೀಯ ಶಿಬಿರ ಚೆನ್ನಾಗಿ ಮಾಡುತ್ತವೆ. ಬೇಸಿಗೆಯಲ್ಲಿ ಹದಿನೈದು ದಿನದ ಈಜು ಶಿಬಿರವನ್ನೂ ಸೇರಿಸಿಕೊಂಡರೆ, ಅದೂ ಜೀವ ಉಳಿಸುವ ಕೆಲಸವೇ.

ಜೂನ್ ಒಂದರಿಂದ ಜುಲೈ ಕೊನೆಯವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ರಜೆ. ಆ ಎರಡು ತಿಂಗಳು ಬಂದರಿನಲ್ಲಿ, ಬೆಂಗ್ರೆಯಲ್ಲಿ ಬಲೆ ಸರಿ ಮಾಡುತ್ತಾ ಕೂರುವ ಹಿರಿಯರ ಬಳಿ ನಮ್ಮ ಮಕ್ಕಳನ್ನು ಒಂದು ದಿನ ಕೂರಿಸಿ ನೋಡಿ. ಗಂಟು ಹಾಕುವುದು, ಗಾಳಿ ನೋಡುವುದು, ಉಬ್ಬರ ಇಳಿತ ತಿಳಿಯುವುದು, ಇದಕ್ಕೆ ಯಾವ ಕ್ಲಬ್ಬಿನ ಚಂದಾವೂ ಬೇಡ.

ನಾವು ಮಾಗಳದಿಂದ ಹೊರಡುವ ದಿನ ಅಜ್ಜನಿಗೆ ದುಡ್ಡು ಕೊಡಲು ಹೋದೆ. ದಾಟಿಸಿದ್ದಕ್ಕೆ ತೆಗೆದುಕೊಂಡರು, ಕಲಿಸಿದ್ದಕ್ಕೆ ತೆಗೆದುಕೊಳ್ಳಲಿಲ್ಲ. ‘ಮುಂದಿನ ವರ್ಷ ಬರ್ರಿ. ಟ್ಯೂಬ್ ತರಬ್ಯಾಡ್ರಿ’ ಎಂದರು. ಅವರ ಮಕ್ಕಳು ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾರೆ. ಹರಿಗೋಲು ಹೆಣೆಯುವುದು ಆ ಮನೆಯಲ್ಲಿ ಈಗ ಅಜ್ಜನೊಬ್ಬರಿಗೇ ಗೊತ್ತು.

ಊರಿಗೆ ಬಂದ ವಾರ ಮಕ್ಕಳಿಬ್ಬರನ್ನೂ ಈಜು ಕಲಿಯಲು ಸೇರಿಸಿದೆ. ಮೇ ಕೊನೆಗೆ ಮಗ ಕೊಳದ ಅಡ್ಡಗಲ ದಾಟಿದ. ಮಗಳು ಅವನಿಗಿಂತ ನಾಲ್ಕು ದಿನ ಮೊದಲೇ ದಾಟಿದ್ದಳು. ಮಳೆ ಶುರುವಾಗುವ ಮೊದಲಿನ ಒಂದು ಸಂಜೆ ಸುಲ್ತಾನ್ ಬತ್ತೇರಿಯಿಂದ ತಣ್ಣೀರುಬಾವಿಗೆ ಎಲ್ಲರೂ ಫೆರಿಯಲ್ಲಿ ಹೋದೆವು. ಉಮ್ಮ ನಡುವಿನಲ್ಲಿ ಕೂತಿದ್ದರು. ಮಗಳು ದೋಣಿಯಲ್ಲಿದ್ದವರನ್ನೆಲ್ಲ ಬೆರಳು ಮಡಚಿ ಲೆಕ್ಕ ಹಾಕಿದಳು. ಆಮೇಲೆ ದೋಣಿಯವರನ್ನು ಕೇಳಿದಳು, ‘ಅಂಕಲ್, ಇದರಲ್ಲಿ ಎಷ್ಟು ಜನ ಕೂರ್ಬಹುದು?’

ದೋಣಿಯವರು ನಗಲಿಲ್ಲ. ಸರಿಯಾಗಿ ಉತ್ತರ ಕೊಟ್ಟರು.